ಉನೈಸಿ ಕಪ್ಪು ತೆಗೆಯುವವರೆಗೆ

ನನ್ನ ಗಂಡ ಪೆಥೆಲಿ ಮೊದಲು ಮೀನು ಕಳ್ಳ. ಆಮೇಲೆ ಮೀನು ಕಾಯುವವನು. ಎರಡು ಕೆಲಸವನ್ನೂ ಒಂದೇ ದೋಣಿಯಲ್ಲಿ ಮಾಡಿದ.

ನಮ್ಮ ತೊಬುನಿಕಾ ದ್ವೀಪದಲ್ಲಿ ದೊರೆ ಒಂದು ಜಾಗಕ್ಕೆ ತಂಬು ಹಾಕಿದರೆ, ಅಂದರೆ ನಿಷೇಧ ಹಾಕಿದರೆ, ಮುಗಿಯಿತು. ಅದನ್ನು ತೆಗೆಯುವ ತನಕ ಅಲ್ಲಿ ಯಾರೂ ಗಾಳ ಇಳಿಸುವ ಹಾಗಿಲ್ಲ. ಪೆಥೆಲಿಗೆ ತಂಬು ಹಾಕಿದ ಜಾಗದ ಮೀನೇ ರುಚಿ. ಮದುವೆಯಾದ ಹೊಸತರಲ್ಲಿ ಅವನು ತಂದದ್ದನ್ನೆಲ್ಲ ನಾನೂ ತಿಂದಿದ್ದೇನೆ. ಎಲ್ಲಿಯದು ಎಂದು ಕೇಳಿದವಳಲ್ಲ.

ಒಂದು ಭಾನುವಾರ ಕದ್ದ ಮೀನನ್ನು ಅಂಗಿಯೊಳಗೆ ಇಟ್ಟುಕೊಂಡು ಚರ್ಚಿನ ಹಿಂದಿನಿಂದ ದಾಟುತ್ತಿದ್ದ. ಪಾದ್ರಿ ನೋಡಿದರು. ಕೈ ಹಿಡಿದು ಒಳಗೆ ತಂದು ದೊರೆಯ ಹಿಂದಿನ ಸಾಲಿನಲ್ಲೇ ಕೂರಿಸಿದರು. ಪ್ರಾರ್ಥನೆಯ ನಡುವೆ ಅವನ ಹೊಟ್ಟೆ ಪಟಪಟ ಹೊಡೆದುಕೊಂಡಿತು. ದೊರೆ ತಿರುಗಿದರು.

"ಪೆಥೆಲಿ, ಏನಾಗಿದೆ ನಿನ್ನ ಹೊಟ್ಟೆಗೆ?"

"ಪಶ್ಚಾತ್ತಾಪ, ತುರಂಗಾ."

ದೊರೆಯನ್ನು ನಾವು ತುರಂಗಾ ಅಂತಲೇ ಕರೆಯುವುದು. ಅವರು ನಗಲಿಲ್ಲ. ನಗು ತಡೆಯಲು ಹಾಡಿನ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡರು ಅಂತ ಪಕ್ಕದಲ್ಲಿದ್ದವರು ಹೇಳಿದರು. ಮಾರನೆಯ ದಿನ ಕರೆಸಿ, "ಇವತ್ತಿಂದ ನೀನೇ ಕಾವಲು. ಕದಿಯೋ ಜಾಗ ಎಲ್ಲಾ ನಿನಗೆ ಗೊತ್ತಲ್ಲ" ಅಂದರು.

ಕಾವಲನ್ನೂ ಕಳ್ಳನ ಹಾಗೇ ಮಾಡಿದ. ಪಕ್ಕದ ದ್ವೀಪದ ಇಬ್ಬರು ಬಟ್ಟೆ ಬಿಚ್ಚಿಟ್ಟು ಮೀನಿಗೆ ಮುಳುಗಿದ್ದರು. ಇವನು ಅವರನ್ನು ಹಿಡಿಯಲಿಲ್ಲ, ಬೈಯಲಿಲ್ಲ. ಬಟ್ಟೆಯನ್ನು ಮಾತ್ರ ಎತ್ತಿಕೊಂಡು ಮನೆಗೆ ಬಂದು ಚಹಾ ಕುಡಿಯುತ್ತಾ ಕೂತ. ಅವರು ಬಾಳೆ ಎಲೆ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. "ಯಾರಪ್ಪಾ ನೀವು? ಮದುವೆ ಮನೆ ಆ ಕಡೆ" ಅಂದ. ಮತ್ತೆ ಅವರು ಈ ಕಡೆ ತಲೆ ಹಾಕಲಿಲ್ಲ.

ಅವನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದದ್ದು ಬಾಯಿಯನ್ನು. ದೊರೆಯ ಮನೆಯೆದುರು ಹವಳದ ದಂಡೆಯಲ್ಲಿ ಒಂದು ಸೀಳಿದೆ, ಅದಕ್ಕೆ ನಾವು ಬಾಯಿ ಅನ್ನುತ್ತೇವೆ. ಜೂನ್ ಚಳಿಯಿಂದ ಸೆಪ್ಟೆಂಬರ್ ತನಕ ಕವಕವ ಮೀನುಗಳು ಎಲ್ಲೆಲ್ಲಿಂದಲೋ ಅಲ್ಲಿಗೆ ಬಂದು ಸೇರುತ್ತವೆ. ದಪ್ಪ ತುಟಿ, ಮೈತುಂಬ ಚುಕ್ಕಿ, ಮುಖದಲ್ಲಿ ಸದಾ ಮುನಿಸು. ಮೊಟ್ಟೆ ಇಡುವುದು ಅಲ್ಲಿ ಮಾತ್ರ. ಪೆಥೆಲಿ ಮುಳುಗಿ ಎಣಿಸಿಕೊಂಡು ಬರುತ್ತಿದ್ದ.

"ಈ ಸಲ ನಾನ್ನೂರ ಹನ್ನೊಂದು."

"ಆ ಹನ್ನೊಂದು ಹೇಗೆ ಗೊತ್ತಾಯ್ತು?"

"ಹತ್ತಾದ ಮೇಲೆ ಇನ್ನೊಂದು ಬಂತಲ್ಲ."

ಸುಳ್ಳೋ ನಿಜವೋ ಮೀನನ್ನೇ ಕೇಳಬೇಕಿತ್ತು. ಆದರೆ ಅವನು ಕಾಯಲು ಶುರುಮಾಡಿದ ಮೇಲೆ ನಮ್ಮ ಮಕ್ಕಳು ದಂಡೆಯ ಈಚೆಗೇ ಮೀನು ಹಿಡಿಯುತ್ತಿದ್ದರು. ಅದು ಸುಳ್ಳಲ್ಲ.

ಜೆಟ್ಟಿ ಬೇಕು ಅಂತ ಮೊದಲು ಕೂಗಿದವನೂ ಅವನೇ. ಹಡಗು ಹವಳದ ಆಚೆ ನಿಲ್ಲುತ್ತದೆ. ನಾವು ಸಣ್ಣ ದೋಣಿಯಲ್ಲಿ ಬಂದು, ಎದೆಮಟ್ಟ ನೀರಿನಲ್ಲಿ ಇಳಿದು, ಹಿಟ್ಟಿನ ಮೂಟೆಯನ್ನು ತಲೆ ಮೇಲೆ ಹೊತ್ತು ದಡ ಸೇರಬೇಕು. ನಮ್ಮ ಅತ್ತಿಗೆ ತೊರಿಕಾ ಹೊಸ ಹೊಲಿಗೆ ಮೆಷಿನ್ ಸಮೇತ ನೀರಿಗೆ ಬಿದ್ದಿದ್ದಳು. ಆ ಮೆಷಿನ್ ಇವತ್ತಿಗೂ ಹೊಲಿಯುವಾಗ ಕೆಮ್ಮುತ್ತದೆ.

ರಾಜಧಾನಿ ಸುವಾದಿಂದ ಎಂಜಿನಿಯರ್ ಬಂದ. ಎರಡು ಜಾಗ ಬರೆದುಕೊಂಡು ಹೋದ. ಒಂದು ಬಾಯಿ. ಹವಳ ಒಡೆದರಾಯಿತು, ಯಾರ ಸಹಿಯೂ ಬೇಡ. ಇನ್ನೊಂದು ಗುಡ್ಡದ ಆಚೆ ಕರಿಬಂಡೆ. ಅಲ್ಲಿ ನೀರು ಆಳ, ಏನೂ ಒಡೆಯಬೇಕಿಲ್ಲ. ಆದರೆ ಊರಿಗೆ ದಾರಿ ಕಡಿಯಬೇಕು. ಆ ದಾರಿ ನಮ್ಮಣ್ಣ ಸೆಕೊವೆಯ ಯಂಗೋನಾ ತೋಟದ ನಡುವೆ ಬರುತ್ತದೆ. ಯಂಗೋನಾ ನಾವು ಬೇರು ಕುಟ್ಟಿ ನೀರಿನಲ್ಲಿ ಹಿಂಡಿ ಕುಡಿಯುವ ಗಿಡ. ಬೇರು ಬಲಿಯಲು ಐದು ವರ್ಷ ಬೇಕು.

ದೊರೆಗೆ ಬಾಯಿಯೇ ಇಷ್ಟ. ತಮ್ಮ ಜಗಲಿಯಲ್ಲಿ ಕೂತು ಹಡಗು ನೋಡಬಹುದು. ಪೆಥೆಲಿ ಕರಿಬಂಡೆ ಬಿಟ್ಟು ಬೇರೆ ಮಾತಾಡಲಿಲ್ಲ. ಪೆಥೆಲಿಗೂ ನಮ್ಮಣ್ಣನಿಗೂ ಭಾವ-ಮೈದುನರ ತಮಾಷೆ, ನಮ್ಮಲ್ಲಿ ಅದಕ್ಕೆ ಲಂಗುಲಗಾಮಿಲ್ಲ. ಸಂಜೆ ಯಂಗೋನಾ ಬೋಗುಣಿಯ ಸುತ್ತ ಕೂತರೆ ಶುರು.

"ಭಾವ, ನಿನ್ನ ತೋಟದಲ್ಲಿ ಎರಡು ಆಳಗಲ ದಾರಿ ಬಿಡು."

"ನಿನ್ನ ತಲೆ ಮೇಲೆ ಬಿಡ್ತೀನಿ. ಆಗ್ಲೇ ಬೋಳಾಗಿದೆ, ಕಡಿಯೋ ಕೆಲ್ಸ ಉಳೀತು."

"ನಿನ್ನ ಯಂಗೋನಾ ಕುಡಿದೋರು ಕೂತಲ್ಲೇ ಬೇರು ಬಿಡ್ತಾರೆ. ದಾರಿ ಇದ್ರೆ ಎಳಕೊಂಡು ಹೋಗೋಕಾದ್ರೂ ಆಗುತ್ತೆ."

"ನೀನು ಸತ್ತ ಮೇಲೆ ಬಿಡ್ತೀನಿ ಹೋಗು!"

"ಎಲ್ಲರೂ ಕೇಳಿದ್ರಲ್ಲ?" ಅಂತ ಪೆಥೆಲಿ ತನ್ನ ನಾಯಿಯ ಕಡೆ ತಿರುಗಿದ. ನಾಯಿಯ ಹೆಸರು ಮಿನಿಸ್ಟರ್. ಯಾವಾಗಲೂ ಮಲಗಿರುತ್ತದೆ, ಊಟಕ್ಕೆ ಮಾತ್ರ ಊರಿಗೆ ಬರುತ್ತದೆ ಅಂತ ಅವನೇ ಇಟ್ಟದ್ದು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಪೆಥೆಲಿಯ ಎಡಗೈಯಿಂದ ಚಹಾ ಲೋಟ ಬಿತ್ತು. ಎಡಗಡೆ ಮೈಯೂ ಬಿತ್ತು. ಹಡಗು ಹವಳದ ಆಚೆ ನಿಂತಿತ್ತು, ಕಣ್ಣಿಗೆ ಕಾಣುತ್ತಿತ್ತು. ನೀರು ಇಳಿದಿತ್ತು. ದೋಣಿ ತೇಲುವಷ್ಟೂ ಇರಲಿಲ್ಲ. ಹೊತ್ತು ನಡೆದರೆ ಹವಳದ ಮೇಲೆ ಜಾರಿ ಬೀಳುವುದೇ. ನೀರು ಏರಲಿ ಎಂದು ಕಾದೆವು. ಹಲಸಿನ ಜಾತಿಯ ದೊಡ್ಡೆಲೆ ಮರದ ಕೆಳಗೆ, ಮರಳಿನ ಮೇಲೆ, ನಾಲ್ಕು ಗಂಟೆ. ಸೆಕೊವೆ ಚಾಪೆಯಿಂದ ಗಾಳಿ ಬೀಸುತ್ತಿದ್ದ. ಪೆಥೆಲಿ ಸೊಟ್ಟಬಾಯಲ್ಲಿ ಕೇಳಿದ, "ಭಾವ, ನಿನ್ನ ಗಿಡ ಎಲ್ಲಾ ಚೆನ್ನಾಗಿದ್ಯಾ?"

ಸೆಕೊವೆ ನಕ್ಕ. ಭಾವ ತಮಾಷೆ ಮಾಡಿದರೆ ನಗಲೇಬೇಕು. ನಗು ನಿಲ್ಲಿಸಲು ಆಗಲಿಲ್ಲ ಅವನಿಗೆ, ಅದು ಅಳುವಾಯಿತು. ನೀರು ಏರುವ ಮುಂಚೆ ಪೆಥೆಲಿ ಹೋದ.

ನಾಲ್ಕನೆಯ ದಿನ ಎಲ್ಲರೂ ನಮ್ಮ ಚಾಪೆಯ ಮೇಲೆ ಸೇರಿದರು. ನಮ್ಮಲ್ಲಿ ಆ ದಿನ ಹತ್ತಿರದವರು ಒಬ್ಬೊಬ್ಬರೂ ಏನಾದರೂ ಬಿಡುತ್ತಾರೆ. ಒಬ್ಬರು ಹಂದಿ ಮಾಂಸ, ಒಬ್ಬರು ಹಾಡು. ನೂರನೆಯ ರಾತ್ರಿಗೆ ಹೆಂಡತಿ ಶೋಕಕ್ಕೆ ಹಾಕಿಕೊಂಡ ಕಪ್ಪು ಬಟ್ಟೆ ತೆಗೆಯುತ್ತಾಳೆ, ಔತಣ ಆಗುತ್ತದೆ, ಬಿಟ್ಟದ್ದನ್ನೆಲ್ಲ ಮತ್ತೆ ಹಿಡಿಯುತ್ತಾರೆ. ಪೆಥೆಲಿ ಮೀನುಗಾರರ ಮನೆತನದವನು. ಹಾಗಾಗಿ ಅವನ ಹೆಸರಿನಲ್ಲಿ ಸಮುದ್ರದ ಒಂದು ಜಾಗಕ್ಕೂ ತಂಬು ಹಾಕಬೇಕು. ಜಾಗ ಹೇಳುವುದು ನಾನು.

ನಮ್ಮ ಮನೆಯ ಮುಂದಿನ ಮೊಣಕಾಲುದ್ದದ ನೀರನ್ನು ಹೇಳುತ್ತೇನೆ ಅಂತ ಎಲ್ಲರೂ ಎಣಿಸಿದ್ದರು.

"ಬಾಯಿ," ಅಂದೆ.

ದೊರೆ ಕೆಮ್ಮಿದರು. ಜೂನ್‌ನಲ್ಲಿ ಬಾಯಿಗೇ ಜೆಟ್ಟಿಯ ಯಂತ್ರ ಬರುವುದಿತ್ತು. ಆದರೆ ಸತ್ತವನ ಹೆಂಡತಿ ಹೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ನೂರು ರಾತ್ರಿ ತಾನೆ, ಮೇ ಕೊನೆಗೆ ಮುಗಿಯುತ್ತದೆ ಅಂತ ಬೆರಳು ಮಡಿಸಿ ನೋಡಿ ತಲೆಯಾಡಿಸಿದರು. ದೊರೆಯ ಪರವಾಗಿ ಮಾತಾಡುವ ಮುದುಕ ಎದ್ದು ಕೂಗಿದ: "ಉನೈಸಿ ಕಪ್ಪು ತೆಗೆಯುವವರೆಗೆ ಬಾಯಿಗೆ ತಂಬು!" ಉನೈಸಿ ಅಂದರೆ ನಾನು.

ಸೆಕೊವೆಯ ಕಣ್ಣು ಊದಿತ್ತು. ಅವನೂ ಎದ್ದ. "ಉನೈಸಿ ಕಪ್ಪು ತೆಗೆಯುವವರೆಗೆ ನಾನು ಗಡ್ಡ ಬೋಳಿಸಲ್ಲ. ಯಂಗೋನಾ ಮುಟ್ಟಲ್ಲ."

ಸೆಕೊವೆ ಯಂಗೋನಾ ಬಿಡುವುದೂ ಮೀನು ನೀರು ಬಿಡುವುದೂ ಒಂದೇ. ಆದರೆ ಇಬ್ಬರೂ ಒಂದು ತಪ್ಪು ಮಾಡಿದರು. ನೂರು ರಾತ್ರಿ ಅಂತ ಹೇಳಲಿಲ್ಲ. ಹೇಳುವ ರೂಢಿ ಯಾರಿಗೂ ಇಲ್ಲ. ನೂರಕ್ಕೆ ಕಪ್ಪು ತೆಗೆಯದ ಹೆಂಗಸನ್ನು ನಮ್ಮೂರು ಕಂಡಿರಲಿಲ್ಲ.

ನನಗೂ ಅದು ಆವತ್ತು ಹೊಳೆಯಲಿಲ್ಲ. ಆವತ್ತು ನನಗೆ ಏನೂ ಹೊಳೆಯುತ್ತಿರಲಿಲ್ಲ. ಎಪ್ಪತ್ತನೆಯದೋ ಎಂಬತ್ತನೆಯದೋ ದಿನ ಮರಗೆಣಸು ಸುಲಿಯುತ್ತಿದ್ದಾಗ ಹೊಳೆಯಿತು. ಪೆಥೆಲಿ ಸತ್ತ ಮೇಲೆ ಮೊದಲ ಸಲ ನಕ್ಕೆ. ಮಿನಿಸ್ಟರ್ ಕೂಡ ಎದ್ದು ನೋಡಿತು.

ನೂರನೆಯ ದಿನ ಹಂದಿ ಸುಟ್ಟರು, ಕೆಸವಿನ ಗಡ್ಡೆಯನ್ನು ನೆಲದೊಲೆಯಲ್ಲಿ ಹೂತರು. ತೊರಿಕಾ ಕೆಂಪು ಹೂವಿನ ಬಟ್ಟೆ ಹೊಲಿದು ತಂದಿದ್ದಳು. ಸೆಕೊವೆ ಆಚೆ ಚಪ್ಪರದಲ್ಲಿ ಯಂಗೋನಾ ಬೋಗುಣಿಯ ಮುಂದೆ ಮೂರು ಗಂಟೆ ಮುಂಚಿತವಾಗಿಯೇ ಕೂತಿದ್ದ. ಗಡ್ಡ ಗದ್ದದಿಂದ ಕೆಳಗಿಳಿದಿತ್ತು. ಮಕ್ಕಳು ಮೇಕೆಯ ಹಾಗೆ ಕೂಗಿ ಓಡುತ್ತಿದ್ದರು.

"ತೆಗಿ, ಇದನ್ನ ಹಾಕ್ಕೊ," ಅಂದಳು ತೊರಿಕಾ.

"ಇಲ್ಲ."

"ಏನು ಇಲ್ಲ?"

"ಇನ್ನೂ ಅಳು ಮುಗಿದಿಲ್ಲ."

"ಅಯ್ಯೋ ನಿನ್ನ! ಬೆಳಗ್ಗೆ ಹಂದಿ ಕಡಿಯೋರಿಗೆ ಬೈದು ಕಳಿಸಿದ್ದು ನೀನೇ ಅಲ್ವಾ? ಆಗ ಎಲ್ಲಿತ್ತು ಅಳು?"

"ಹಂದಿ ಚೆನ್ನಾಗಿ ಕಡೀಲಿಲ್ಲ ಅಂತಾನೆ ಅಳು."

ಅವಳು ನನ್ನ ಮುಖ ನೋಡಿದಳು. ಅತ್ತಿಗೆ ದಡ್ಡಿಯಲ್ಲ. ಬಟ್ಟೆ ಮಡಿಸಿದಳು. "ನಿನ್ನಣ್ಣ ಸಾಯ್ತಾನೆ ಕಣೇ," ಅಂದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಜೂನ್‌ನಲ್ಲಿ ಯಂತ್ರದ ದೋಣಿ ಬಂತು. ಬಾಯಿಯ ಹತ್ತಿರ ಲಂಗರು ಹಾಕಲು ದೊರೆಯ ಜನರೇ ಬಿಡಲಿಲ್ಲ, ತಂಬು ತಂಬುವೇ. ಎಂಜಿನಿಯರ್ ದಡಕ್ಕೆ ಬಂದ. ಯಾಕೆ ಕೆಲಸ ನಿಂತಿದೆ ಅಂತ ಸುವಾಕ್ಕೆ ಕಾಗದ ಬರೆಯಬೇಕಿತ್ತು ಅವನಿಗೆ. "ಒಬ್ಬ ಹೆಂಗಸು ಬಟ್ಟೆ ಬದಲಾಯಿಸ್ತಿಲ್ಲ ಅಂತ ಹೇಗೆ ಬರೀಲಿ?" ಅಂತ ಕೇಳಿದ. ಹಾಗೇ ಬರಿ ಅಂದೆ.

ದೊರೆ ತಾವೇ ಬಂದು ನಮ್ಮ ಚಾಪೆಯ ಮೇಲೆ ಕೂತರು.

"ಉನೈಸಿ, ಇನ್ನೂ ಎಷ್ಟು ದಿನ?"

"ಅಳು ಮುಗಿಯೋ ತನಕ, ತುರಂಗಾ."

"ಅಳೋದು ಕಾಣಿಸ್ತಾ ಇಲ್ಲ."

"ನೀವು ಬಂದ್ರೆ ನಿಲ್ಲಿಸ್ತೀನಿ. ಮರ್ಯಾದೆ."

"ಅವನು ಮರಳಿನ ಮೇಲೆ ಸತ್ತ. ಎಲ್ಲರಿಗಿಂತ ಮುಂಚೆ ಜೆಟ್ಟಿ ಬೇಕಾಗಿರೋದು ನಿನಗೆ," ಅಂದರು.

"ಬೇಕು. ಈ ವರ್ಷವೇ ಬೇಕು. ಇನ್ನೊಬ್ಬರು ಹಾಗೆ ಮಲಗಬಾರದು. ಆದರೆ ಅವನು ಇಪ್ಪತ್ತು ವರ್ಷ ಕಾಯ್ದದ್ದನ್ನ ಒಡೆದು ಅವನ ಹೆಸರಲ್ಲಿ ಕಟ್ಟಬೇಡಿ. ಕರಿಬಂಡೆ ಇದೆಯಲ್ಲ."

"ಸೆಕೊವೆ ಸಹಿ ಹಾಕಲ್ಲ."

"ಬಾಯಾರಿಕೆ ಆದ್ರೆ ಹಾಕ್ತಾನೆ."

ಹಾಡಿನ ಪುಸ್ತಕ ಇರಲಿಲ್ಲ ಕೈಯಲ್ಲಿ. ಬೀಸಣಿಗೆಯನ್ನು ಮುಖಕ್ಕೆ ಹಿಡಿದುಕೊಂಡು ಎದ್ದು ಹೋದರು.

ಊರೆಲ್ಲ ನನ್ನ ಕಡೆ ಇತ್ತು ಅಂತಲ್ಲ. ಬಾವಿಯ ಹತ್ತಿರ ಹೆಂಗಸರು ಜಗಳಕ್ಕೆ ಬಂದರು. "ಗುಡ್ಡ ಹತ್ತಿ ಇಳಿದು ಹಿಟ್ಟಿನ ಮೂಟೆ ಹೊರಬೇಕಲ್ಲ, ನಿನ್ನ ಮೀನು ಬಂದು ಹೊರುತ್ತಾ?" ಅಂದರು. ಆ ಮಾತು ಸರಿಯಾಗಿತ್ತು. ನಾನು ಎಂಜಿನಿಯರ್ ಹತ್ತಿರ ಹೋಗಿ, ದಾರಿಯಲ್ಲಿ ತಳ್ಳುಗಾಡಿ ಹೋಗಬೇಕು, ಮೆಟ್ಟಿಲು ಮಾಡಬೇಡ, ಇಳಿಜಾರು ಮಾಡು ಅಂದೆ. ಅವನು ಬರೆದುಕೊಂಡ. ಹೆಂಗಸರು ಅರ್ಧ ಸುಮ್ಮನಾದರು. ಇನ್ನರ್ಧ ಈಗಲೂ ಬೈಯುತ್ತಾರೆ.

ಸೆಕೊವೆಯ ಅವಸ್ಥೆ ಕೆಟ್ಟಿತ್ತು. ಸಂಜೆ ಬೋಗುಣಿಯ ಹತ್ತಿರ ಕೂತು ಬೇರೆಯವರು ಕುಡಿದಾಗ ಪದ್ಧತಿಯಂತೆ ಚಪ್ಪಾಳೆ ತಟ್ಟುತ್ತಿದ್ದ. ಅವರು ಕುಡಿದಿಟ್ಟ ಖಾಲಿ ತೆಂಗಿನ ಚಿಪ್ಪನ್ನು ಮೂಸುತ್ತಿದ್ದನಂತೆ. ಹಿಂಡಿದ ಬೇರಿನ ಚರಟವನ್ನು ಕೈಯಲ್ಲಿ ಉಜ್ಜಿ ನೋಡುತ್ತಿದ್ದನಂತೆ. ಮೂಸಿದರೆ ಮುಟ್ಟಿದ ಹಾಗೆಯೇ ಅಂತ ತಂಬು ಕೂಗಿದ ಮುದುಕ ತೀರ್ಪು ಕೊಟ್ಟ ಮೇಲೆ ಅದೂ ನಿಂತಿತು.

ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಮುಖಕೊಟ್ಟು ಮಾತಾಡುವುದಿಲ್ಲ. ಜುಲೈನಲ್ಲಿ ಒಂದು ಮಧ್ಯಾಹ್ನ ಅವನು ಬಂದು ನಮ್ಮ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತ. ಮಿನಿಸ್ಟರ್ ಹೊಸ್ತಿಲಲ್ಲಿ ಮಲಗಿತ್ತು.

"ಮಿನಿಸ್ಟರ್, ಒಳಗಿರೋರನ್ನ ಕೇಳು. ನನ್ನ ಕೊಲ್ಲೋಕೆ ಇದಕ್ಕಿಂತ ಸುಲಭದ ದಾರಿ ಇಲ್ವಾ ಅಂತ."

ನಾನು ಒಳಗೆ ತೆಂಗಿನಕಾಯಿ ತುರಿಯುತ್ತಿದ್ದೆ. "ದಾರಿ ಇದೆ ಅಂತ ಹೇಳು, ಮಿನಿಸ್ಟರ್. ಕರಿಬಂಡೆಗೆ."

"ಐದು ವರ್ಷದ ಗಿಡ, ಮಿನಿಸ್ಟರ್!"

"ಮೂವತ್ತೆರಡು ವರ್ಷದ ಗಂಡ, ಮಿನಿಸ್ಟರ್."

ಇನ್ನೊಂದು ಕಾಯಿ ಹೋಳು ಕೈಗೆತ್ತಿಕೊಂಡೆ.

"ಸತ್ತ ಮೇಲೆ ಬಿಡ್ತೀನಿ ಅಂದಿದ್ದ," ಅಂದೆ. "ನೀನೂ ಅಲ್ಲೇ ಇದ್ದೆಯಲ್ಲ, ಮಿನಿಸ್ಟರ್."

"ಅದು ತಮಾಷೆಗೆ ಅಂದಿದ್ದು ಅಂತ ಹೇಳು."

"ಸತ್ತಿದ್ದು ತಮಾಷೆಗಲ್ಲ ಅಂತ ಹೇಳು."

ಮಿನಿಸ್ಟರ್ ಎದ್ದು ಹೋಯಿತು. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ, ಆದ್ದರಿಂದ ಮಾತೂ ಇಲ್ಲ. ಅವನು ಕೂತೇ ಇದ್ದ. ಬೆನ್ನು ಅಲುಗುತ್ತಿತ್ತು. ಮರಳಿನ ಮೇಲೆ ಗಾಳಿ ಬೀಸಿದವನ ಬೆನ್ನು ಅದು. ನಾನು ತುರಿಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ನಾನು ಅಳುವುದು ಕೇಳುತ್ತಿತ್ತು.

ಮಾರನೆಯ ದಿನ ಸಹಿ ಹಾಕಿದ. ಎಂಜಿನಿಯರ್ ಹಗ್ಗ ಹಿಡಿದು ಅಳೆದ. ಕೆಳಗಿನ ಮೂರು ಸಾಲು ಉಳಿಯುವ ಹಾಗೆ ದಾರಿಯನ್ನು ಬಳಸಿ ತಿರುಗಿಸಿಕೊಟ್ಟ. ದೊರೆ ಕರಿಬಂಡೆಯಲ್ಲಿ ತಮಗೊಂದು ಬೆಂಚು ಬೇಕು ಅಂದರು, ಹಡಗು ನೋಡಲು. ಆಯಿತು ಅಂದೆವು. ಯಂತ್ರ ಗುಡ್ಡದ ಆಚೆಗೆ ಹೋಯಿತು.

ಆ ಸಂಜೆ ಸೆಕೊವೆ ತೋಟದಿಂದ ಕಿತ್ತ ಬೇರನ್ನೆಲ್ಲ ಹೊತ್ತು ತಂದ. ತೊರಿಕಾ ಹೂವಿನ ಬಟ್ಟೆ ತಂದಳು. ಹಳೆಯ ಹಂದಿ ತಿಂದು ಮುಗಿಸಿದ್ದವರೇ ಹೊಸ ಹಂದಿಗೆ ಬಂದು ಕೂತರು. ನಾನು ಕಪ್ಪು ತೆಗೆಯಲು ಒಳಗೆ ಹೊರಟೆ.

ಆಗ ಮುದುಕ ಬಾಯಿ ಹಾಕಿದ. "ಅವಳು ಕಪ್ಪು ತೆಗೆದ್ರೆ ಬಾಯಿನೂ ತೆರೀತು. ನಾಳೆ ಬೆಳಗ್ಗೆ ಯಾರು ಬೇಕಾದ್ರೂ ಬಲೆ ಹಾಕಬಹುದು. ತೆರೆದ ಜಾಗಕ್ಕೆ ಅದೇ ವರ್ಷ ದೊರೆಯೂ ಮತ್ತೆ ತಂಬು ಹಾಕೋ ಹಾಗಿಲ್ಲ."

ಜುಲೈ ತಿಂಗಳು. ಕವಕವ ಎಲ್ಲ ಬಂದು ತುಂಬಿಕೊಂಡಿದ್ದ ಕಾಲ. ಪಕ್ಕದ ದ್ವೀಪದವರ ದೋಣಿಗಳು ಎರಡು ದಿನದಿಂದ ಹತ್ತಿರದಲ್ಲೇ ಸುತ್ತುತ್ತಿದ್ದವು. ಇಷ್ಟೆಲ್ಲ ಕುಣಿದವಳು ಇದೊಂದನ್ನು ಯೋಚಿಸಿರಲಿಲ್ಲ.

"ಮೈ ಮೇಲಿಂದು ತೆಗೆದು ಕೈಗೊಂದು ಕಪ್ಪು ಪಟ್ಟಿ ಕಟ್ಕೊಳ್ಳಲಿ," ಅಂದಳು ತೊರಿಕಾ. "ಬಾಯಿಗೆ ಅಷ್ಟು ಸಾಕು."

"ಬಾಯಿಗೆ ಸಾಕಾದ್ರೆ ಸೆಕೊವೆಗೂ ಸಾಕು," ಅಂದ ಮುದುಕ. "ಇಬ್ಬರಿಗೂ ಒಂದೇ ಮಾತು ಆಡಿದ್ದು. ಬಾಯಿ ಮುಚ್ಚಿರಬೇಕಾ, ಇವನೂ ಬಾಯಿ ಮುಚ್ಚಿರಬೇಕು."

ಎಲ್ಲರೂ ಸೆಕೊವೆಯನ್ನು ನೋಡಿದರು. ಅವನು ಬೋಗುಣಿ ನೋಡಿದ. ಒಳ್ಳೆಯ ಬೇರು, ಈಗಷ್ಟೇ ಹಿಂಡಿದ್ದು, ಅವನದೇ ತೋಟದ್ದು. ನನ್ನ ಮಾತು ಮುಟ್ಟಿಸಲು ಮಿನಿಸ್ಟರ್ ಕೂಡ ಅಲ್ಲಿರಲಿಲ್ಲ, ಹಂದಿಯ ಹತ್ತಿರ ಇತ್ತು.

ಸೆಕೊವೆ ಚಿಪ್ಪು ತುಂಬಿದ. ಎತ್ತಿ ದೊರೆಯ ಕೈಗೆ ಕೊಟ್ಟ. ಮೂರು ಸಲ ಚಪ್ಪಾಳೆ ತಟ್ಟಿದ. "ಸೆಪ್ಟೆಂಬರ್ ತನಕ ತಾನೆ," ಅಂದ. "ಆ ಬೋಳುತಲೆ ಎಲ್ಲಿದ್ದಾನೋ ಅಲ್ಲಿ ಹೊಟ್ಟೆ ಹಿಡ್ಕೊಂಡು ನಗ್ತಿರ್ತಾನೆ. ನಗಲಿ."

ಜನ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಕೂತೆ. ಹೂವಿನ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದೆ. ಇನ್ನೂ ಎರಡು ತಿಂಗಳು ಸಿಕ್ಕಿತು ಅಂತ ನನಗೆ ಸಮಾಧಾನವಾಯಿತು. ಮೀನಿಗಾಗಿ ಮಾತ್ರ ಅಲ್ಲ.

ಸೆಪ್ಟೆಂಬರ್ ಬಂದಾಗ ಮೀನು ಹೋದವೋ ಇಲ್ಲವೋ ನೋಡಬೇಕಿತ್ತು. ನೋಡುತ್ತಿದ್ದವನು ಇಲ್ಲ. ಸೆಕೊವೆ ತಾನೇ ಹೊರಟ. ಆಳದ ನೀರು ಕಂಡರೆ ಹೆದರುವವನು. ಕಣ್ಣಿಗೆ ಪೆಥೆಲಿಯ ಹಳೆಯ ಗಾಜು ಕಟ್ಟಿಕೊಂಡು, ಗಡ್ಡಕ್ಕೊಂದು ಗಂಟು ಹಾಕಿ, ಮುಳುಗಿದ. ಎಣಿಸಿ ಐದಾಗುವಷ್ಟರಲ್ಲಿ ಮೇಲೆ ಬಂದ.

"ಹೋದವು! ಎಲ್ಲಾ ಹೋದವು!"

ತೊರಿಕಾ ಮತ್ತು ನಾನು ದೋಣಿಯಲ್ಲಿದ್ದೆವು, ಮಿನಿಸ್ಟರ್ ಕೂಡ. "ಮಿನಿಸ್ಟರ್, ಕಣ್ಣು ತೆರೆದು ನೋಡೋಕೆ ಹೇಳು," ಅಂದೆ.

ಮತ್ತೆ ಮುಳುಗಿದ. ಮತ್ತೆ ಬಂದ. ಮೂರನೆಯ ಸಲ ಬಹಳ ಹೊತ್ತು ಬರಲಿಲ್ಲ. ತೊರಿಕಾ ದೋಣಿಯ ಅಂಚು ಹಿಡಿದುಕೊಂಡಳು. ಆಮೇಲೆ ಗಡ್ಡ ಮೇಲೆ ಬಂತು, ಅದರ ಹಿಂದೆ ಅವನು.

"ಒಂದು ಉಳಿದಿದೆ," ಅಂದ ಏದುಸಿರು ಬಿಡುತ್ತಾ. "ಮುದಿ ಮೀನು. ಬಂಡೆ ಕೆಳಗೆ ಕೂತಿದೆ. ನನ್ನ ನೋಡಿ ಒಂದೇ ಕಡೆ ಬಾಯಿ ಸೊಟ್ಟ ಮಾಡ್ತು."

ತೊರಿಕಾ ಅವನ ತಲೆಗೆ ಹುಟ್ಟಿನಿಂದ ಹೊಡೆಯಲು ಹೋದಳು. ನಾನು ನಕ್ಕೆ. ಅವನ ಕಡೆ ತಿರುಗಿಯೇ ನಕ್ಕೆ, ಮಿನಿಸ್ಟರ್ ಕಡೆ ಅಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಆ ಒಂದು ಮೀನು ಹೋಗಲು ನಾಲ್ಕು ದಿನ ಕಾದೆವು. ಹೋಯಿತು ಅಂತ ಅವನೇ ಹೇಳಿದ, ನಂಬಿದೆವು. ಆವತ್ತು ಬೆಳಿಗ್ಗೆ ಗುಡ್ಡ ದಾಟಿ ಕರಿಬಂಡೆಗೆ ಹೋದೆ. ಜೆಟ್ಟಿಯ ಏಳು ಕಂಬ ನಿಂತಿದ್ದವು, ಹಲಗೆ ಇನ್ನೂ ಬಂದಿರಲಿಲ್ಲ. ದೊರೆಯ ಬೆಂಚು ಮಾತ್ರ ಆಗಲೇ ತಯಾರಾಗಿತ್ತು. ಅದರ ಮೇಲೆ ಕೂತು ಕಪ್ಪು ತೆಗೆದೆ. ಹೂವಿನ ಬಟ್ಟೆ ತಲೆಯಿಂದ ಇಳಿಸಿದೆ. ಸೊಂಟದ ಹತ್ತಿರ ನಿಂತಿತು, ಕೆಳಗಿಳಿಯಲಿಲ್ಲ. ಏಳು ತಿಂಗಳು ಶೋಕದವಳಿಗೆ ಅಂತ ಊರವರು ತಂದು ತಿನ್ನಿಸಿದ್ದೆಲ್ಲ ಅಲ್ಲಿತ್ತು.

ಪೆಥೆಲಿ ನೋಡಿದ್ದರೆ ಏನು ಅನ್ನುತ್ತಿದ್ದ ಅಂತ ನನಗೆ ಗೊತ್ತು. ಅದನ್ನು ಹೇಳುವ ಹಾಗಿಲ್ಲ. ಉಸಿರು ಒಳಗೆಳೆದುಕೊಂಡು ಬಟ್ಟೆ ಇಳಿಸಿದೆ. ಒಂದು ಕಡೆ ಹೊಲಿಗೆ ಬಿಟ್ಟಿತು, ಕೆಮ್ಮುವ ಮೆಷಿನ್‌ನ ಹೊಲಿಗೆ. ಹಾಗೇ ಊರಿಗೆ ನಡೆದೆ, ಅಣ್ಣ ಕಾಯುತ್ತಿದ್ದ.